ಎ ಲೆವೆಲ್‌ನಲ್ಲಿ ‘ಗ್ರಾಫಿಕ್ ಪ್ರಾಡಕ್ಟ್ಸ್’ ಓದಬೇಕು ಅಂತಾಳೆ ಮಗಳು, ಯಾವುದನ್ನು ಆರಿಸಲಿ?

ಪ್ರಶ್ನೆ (ಒಬ್ಬ ತಾಯಿ, ರೆಡಿಂಗ್, ಇಂಗ್ಲೆಂಡ್):
ನಮಸ್ಕಾರ ಮೇಡಂ. ಮಗಳು ಈಗ ಇಯರ್ 11. ಸೆಪ್ಟೆಂಬರ್‌ಗೆ ಸಿಕ್ಸ್ತ್ ಫಾರ್ಮ್ ಸೇರಬೇಕು, ಅಂದರೆ ನಮ್ಮ ಪಿಯುಸಿ ತರಹದ ಎರಡು ವರ್ಷದ ಓದು. ಚಿಕ್ಕಂದಿನಿಂದ ಅವಳಿಗೆ ಅಕ್ಷರ ಬರೆಯೋದು, ಡಬ್ಬಿ ಮಾಡೋದು ಅಂದರೆ ಪ್ರಾಣ. ಅಲ್ಲಿ ಓದುವ ಎ ಲೆವೆಲ್‌ನಲ್ಲಿ ಗ್ರಾಫಿಕ್ ಪ್ರಾಡಕ್ಟ್ಸ್ ತಗೊಳ್ಳುತ್ತೇನೆ ಅಂತಾಳೆ. ಶಾಲೆಯ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ‘ಪ್ರಾಡಕ್ಟ್ ಡಿಸೈನ್’ ಅಂತ ಒಂದಿದೆ, ‘ಗ್ರಾಫಿಕ್ ಕಮ್ಯುನಿಕೇಷನ್’ ಅಂತ ಇನ್ನೊಂದಿದೆ. ಎರಡೂ ಒಂದೇನಾ? ನಮ್ಮ ಯಜಮಾನರು ಮಾತ್ರ ‘ಇದೆಲ್ಲ ಬರೀ ಕತ್ತರಿ, ಗೋಂದಿನ ಕೆಲಸ, ಕೆಮಿಸ್ಟ್ರಿ ತಗೊಳ್ಳಲಿ’ ಅಂತಾರೆ.

ಉತ್ತರ:
ನಮಸ್ಕಾರ. ನಾನು ಮೊದಲು ಬೆಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್‌ನಲ್ಲಿ ಬಾಕ್ಸ್ ಡಿಸೈನ್ ಮಾಡುತ್ತಿದ್ದೆ. ಈಗ ಇಲ್ಲಿ ಶಾಲೆಯಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿ ಕಲಿಸುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ಮೊದಲು ಹೆಸರಿನ ವಿಷಯ. ಗ್ರಾಫಿಕ್ ಪ್ರಾಡಕ್ಟ್ಸ್ ಅನ್ನೋದು ಹಳೇ ಹೆಸರು. 2017ರಲ್ಲಿ ಹೊಸ ಪಠ್ಯಕ್ರಮ ಬಂತು. ಅದರ ಮೊದಲ ಎ ಲೆವೆಲ್ ಪರೀಕ್ಷೆ ನಡೆದದ್ದು 2019ರಲ್ಲಿ. ಆಗ ಡಿಸೈನ್ ಅಂಡ್ ಟೆಕ್ನಾಲಜಿಯಲ್ಲಿ ಮೂರೇ ಕವಲು ಉಳಿದವು: ಪ್ರಾಡಕ್ಟ್ ಡಿಸೈನ್, ಫ್ಯಾಷನ್ ಅಂಡ್ ಟೆಕ್ಸ್‌ಟೈಲ್ಸ್, ಡಿಸೈನ್ ಎಂಜಿನಿಯರಿಂಗ್. ಮೊದಲು ಗ್ರಾಫಿಕ್ ಪ್ರಾಡಕ್ಟ್ಸ್‌ನಲ್ಲಿ ಇದ್ದ ಕಾಗದ, ಬೋರ್ಡ್ (ರಟ್ಟು), ಪ್ರಿಂಟಿಂಗ್, ಪ್ಯಾಕೇಜಿಂಗ್ ಪಾಠಗಳು ಈಗ ಪ್ರಾಡಕ್ಟ್ ಡಿಸೈನ್ ಒಳಗೇ ಇವೆ. ಮರ, ಲೋಹ, ಪ್ಲಾಸ್ಟಿಕ್ ಕೂಡ ಜೊತೆಗೆ ಓದಬೇಕು.

ಗ್ರಾಫಿಕ್ ಕಮ್ಯುನಿಕೇಷನ್ ಬೇರೆ ಮನೆಯದು. ಅದು ಆರ್ಟ್ ಅಂಡ್ ಡಿಸೈನ್ ಕುಟುಂಬಕ್ಕೆ ಸೇರಿದ್ದು. ಅಲ್ಲಿ ಥಿಯರಿ ಪೇಪರ್ ಇಲ್ಲ. 60% ಅಂಕ ವಿದ್ಯಾರ್ಥಿ ತಾನೇ ಆರಿಸಿಕೊಂಡ ವಿಷಯದ ಕೆಲಸಕ್ಕೆ. 40% ಪರೀಕ್ಷಾ ಬೋರ್ಡ್ ಕೊಡುವ ವಿಷಯಕ್ಕೆ. ಅದರ ಕೊನೆಗೆ 15 ಗಂಟೆ ಮೇಲ್ವಿಚಾರಣೆಯಲ್ಲಿ ಕೂತು ಕೆಲಸ ಮಾಡಬೇಕು. ಪ್ರಾಡಕ್ಟ್ ಡಿಸೈನ್‌ನಲ್ಲಿ ಅರ್ಧ ಅಂಕ ಲಿಖಿತ ಪರೀಕ್ಷೆಗೆ, ಇನ್ನರ್ಧ ಎನ್‌ಇಎ ಎಂಬ ಪ್ರಾಜೆಕ್ಟ್‌ಗೆ. ಶಾಲೆಯ ಪರೀಕ್ಷಾ ಬೋರ್ಡ್ ಎಕ್ಯೂಎ ಆದರೆ ಎರಡೂವರೆ ಗಂಟೆಯ ಒಂದು ಪೇಪರ್, ಒಂದೂವರೆ ಗಂಟೆಯ ಇನ್ನೊಂದು.

ಮಗಳನ್ನು ಒಂದು ಮಾತು ಕೇಳಿ. ಡಬ್ಬಿಯ ಮೇಲಿನ ಅಕ್ಷರ ಮತ್ತು ಬಣ್ಣದಲ್ಲಿ ಅವಳು ಜಾಸ್ತಿ ಹೊತ್ತು ಕಳೆಯುತ್ತಾಳಾ? ಅಥವಾ ಮುಚ್ಚಳ ಯಾಕೆ ಸರಿಯಾಗಿ ಕೂರುತ್ತಿಲ್ಲ ಅಂತ ಮತ್ತೆ ಮತ್ತೆ ಬಿಚ್ಚಿ ಮಡಚುತ್ತಾಳಾ? ಮೊದಲನೆಯದಾದರೆ ಗ್ರಾಫಿಕ್ ಕಮ್ಯುನಿಕೇಷನ್. ಎರಡನೆಯದಾದರೆ ಪ್ರಾಡಕ್ಟ್ ಡಿಸೈನ್.

ಇನ್ನು ಕತ್ತರಿ, ಗೋಂದಿನ ಮಾತು. ಯಜಮಾನರಿಗೆ ಒಂದು ಪ್ರಯೋಗ ತೋರಿಸಿ. ಖಾಲಿಯಾದ ಕಾರ್ನ್‌ಫ್ಲೇಕ್ಸ್ ಡಬ್ಬಿಯಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ. ಒಂದು ಉದ್ದುದ್ದ, ಇನ್ನೊಂದು ಅಡ್ಡಡ್ಡ. ಎರಡನ್ನೂ ಬೆರಳಲ್ಲಿ ಬಗ್ಗಿಸಿ. ಒಂದು ಸಲೀಸಾಗಿ ಬಾಗುತ್ತದೆ, ಇನ್ನೊಂದು ಸೆಟೆದು ನಿಲ್ಲುತ್ತದೆ. ಬೋರ್ಡ್ ತಯಾರಾಗುವಾಗ ನಾರುಗಳು ಹೆಚ್ಚಾಗಿ ಮೆಷಿನ್ ಓಡುವ ದಿಕ್ಕಿಗೆ ಮಲಗಿರುತ್ತವೆ. ಪ್ರೆಸ್‌ನಲ್ಲಿ ಇದಕ್ಕೆ ಗ್ರೇನ್ ಅಂತಾರೆ. ಗ್ರೇನ್ ಉದ್ದಕ್ಕೆ ಮಡಚಿದರೆ ಮಡಿಕೆ ನುಣ್ಣಗೆ ಬರುತ್ತದೆ. ಅಡ್ಡಕ್ಕೆ ಮಡಚಿದರೆ ಮೇಲಿನ ಪದರ ಬಿರಿದು, ಪ್ರಿಂಟ್ ಒಡೆದು, ಒಳಗಿನ ಬೋರ್ಡ್ ಇಣುಕುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊದುಬತ್ತಿ ಡಬ್ಬಿಯಲ್ಲಿ ನಾನು ಇದನ್ನು ಗಮನಿಸಲಿಲ್ಲ. ಕಡು ನೇರಳೆ ಬಣ್ಣ, ಉದ್ದನೆಯ ಡಬ್ಬಿ. ಪಂಚಿಂಗ್ (ಅಚ್ಚಿನಿಂದ ಡಬ್ಬಿಯ ಆಕಾರಕ್ಕೆ ಕತ್ತರಿಸುವುದು) ಆಗಿ ಬಂದ ರಾಶಿಯಲ್ಲಿ ಒಂದನ್ನು ಮಡಚಿ ನೋಡಿದೆ. ನಾಲ್ಕೂ ಅಂಚಿನಲ್ಲಿ ಬಿಳಿ ಗೆರೆ. ಅಷ್ಟೂ ಮಾಲು ದಂಡವಾಯಿತು. ನೇರಳೆಯ ಮೇಲಿನ ಆ ಬಿಳಿ ಗೆರೆ ಇವತ್ತಿಗೂ ಕಣ್ಣ ಮುಂದೆ ಇದೆ. ಪ್ರಾಡಕ್ಟ್ ಡಿಸೈನ್ ಎ ಲೆವೆಲ್ ಕಲಿಸುವುದು ಇಂಥದ್ದನ್ನೇ. ಸಾಮಾನು ಹೇಗೆ ವರ್ತಿಸುತ್ತದೆ, ಯಾಕೆ ಹಾಗೆ, ಸಾವಿರಗಟ್ಟಲೆ ಮಾಡುವಾಗ ಏನಾಗುತ್ತದೆ ಅಂತ.

ಪ್ರಶ್ನೆ (ಅದೇ ಮನೆಯ ಯಜಮಾನರು):
ಮೇಡಂ, ನಾನೇ ಕೆಮಿಸ್ಟ್ರಿ ಅಂದವನು. ಡಬ್ಬಿ ಪ್ರಯೋಗ ಮಾಡಿ ನೋಡಿದೆ, ನಿಜ. ಆದರೂ ಕೇಳುತ್ತೇನೆ. ಇದರಲ್ಲಿ ಲೆಕ್ಕ ಇದೆಯಾ? ಮುಂದೆ ಅವಳು ಎಂಜಿನಿಯರಿಂಗ್ ಕಡೆ ಹೋಗಬೇಕು ಅಂದರೆ ಬಾಗಿಲು ಮುಚ್ಚುತ್ತದಾ?

ಉತ್ತರ:
ಲೆಕ್ಕ ಇದೆ ಸರ್. ಲಿಖಿತ ಪರೀಕ್ಷೆಯ ಅಂಕದಲ್ಲಿ ಕನಿಷ್ಠ 15% ಗಣಿತಕ್ಕೇ ಮೀಸಲು. ಒಂದು ಉದಾಹರಣೆ ಕೊಡುತ್ತೇನೆ. ಬಿಡಿಸಿಟ್ಟ ಡಬ್ಬಿಯ ಅಳತೆ 260 × 190 ಮಿ.ಮೀ. ಅಂದುಕೊಳ್ಳಿ. ಎ1 ಹಾಳೆ 841 × 594 ಮಿ.ಮೀ. ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಒಟ್ಟು ಒಂಬತ್ತು ಡಬ್ಬಿ ಕೂರುತ್ತವೆ. ವೇಸ್ಟ್ ಸುಮಾರು 11%. ಈಗ ಅಂಟಿಸುವ ಪಟ್ಟಿ ಇನ್ನೂ ಸ್ವಲ್ಪ ಅಗಲ ಇರಲಿ ಅಂತ 10 ಮಿ.ಮೀ. ಸೇರಿಸಿ 190 ಅನ್ನು 200 ಮಾಡಿ. ಅಗಲಕ್ಕೆ ಮೂರು ಹಿಡಿಯಲು 600 ಬೇಕು, ಇರುವುದು 594. ಆರೇ ಡಬ್ಬಿ ಸಿಗುತ್ತವೆ. ತಿರುಗಿಸಿ ಇಟ್ಟರೆ ಎಂಟು ಸಿಗುತ್ತವೆ ಅನ್ನಬಹುದು. ಆದರೆ ತಿರುಗಿಸಿದರೆ ಗ್ರೇನ್ ಅಡ್ಡ ಬೀಳುತ್ತದೆ. ಒಂದು ಬೆರಳಗಲ ಕೂಡ ಇಲ್ಲದ ಬದಲಾವಣೆ, ಹಾಳೆಗೆ ಮೂರು ಡಬ್ಬಿ ಹೋಯಿತು. ಇದನ್ನು ಹದಿನೇಳು ವರ್ಷದ ಹುಡುಗಿ ತಾನೇ ಲೆಕ್ಕ ಹಾಕಿ ಕಂಡುಕೊಳ್ಳುವುದು ಚಿಕ್ಕ ಮಾತಲ್ಲ.

ಎಂಜಿನಿಯರಿಂಗ್ ಬೇಕಾದರೆ ಮ್ಯಾಥ್ಸ್ ಬಿಡಬೇಡಿ, ಫಿಸಿಕ್ಸ್ ಬಿಡಬೇಡಿ. ಮೂರನೆಯದಾಗಿ ಪ್ರಾಡಕ್ಟ್ ಡಿಸೈನ್ ಇರಲಿ. ಇದು ಒಳ್ಳೇ ಜೋಡಿ. ರಸೆಲ್ ಗ್ರೂಪ್ ಅಂದರೆ ಇಲ್ಲಿನ ಹೆಸರಾಂತ ಯೂನಿವರ್ಸಿಟಿಗಳ ಗುಂಪು. ಅವರು ಇಂತಿಂಥ ವಿಷಯಗಳಿಗೆ ಜಾಸ್ತಿ ಬೆಲೆ ಅಂತ ಒಂದು ಪಟ್ಟಿ ಇಟ್ಟಿದ್ದರು, ಅದರಲ್ಲಿ ಪ್ರಾಡಕ್ಟ್ ಡಿಸೈನ್ ಇರಲಿಲ್ಲ. ಆ ಪಟ್ಟಿಯನ್ನು 2019ರಲ್ಲೇ ಕೈಬಿಟ್ಟರು. ಹಳೇ ಸಲಹೆ ಇನ್ನೂ ನಮ್ಮ ಜನರ ಮಧ್ಯೆ ಓಡಾಡುತ್ತಿದೆ. ಗ್ರಾಫಿಕ್ಸ್ ಕಡೆಗೇ ಹೋಗುವುದಾದರೆ ಕಾಲೇಜುಗಳು ಪೋರ್ಟ್‌ಫೋಲಿಯೊ (ತಾನು ಮಾಡಿದ ಕೆಲಸಗಳ ಸಂಗ್ರಹ) ನೋಡುತ್ತವೆ. ಎ ಲೆವೆಲ್ ಆದಮೇಲೆ ಒಂದು ವರ್ಷ ಆರ್ಟ್ ಫೌಂಡೇಶನ್ (ಡಿಗ್ರಿಗೆ ಮೊದಲಿನ ತಯಾರಿ ಕೋರ್ಸ್) ಮಾಡಿ ಹೋಗುವವರೂ ತುಂಬಾ ಜನ ಇದ್ದಾರೆ.

ಇನ್ನೊಂದು. ಕಾರಿನಲ್ಲಿ ಹೋಗುವಾಗ ರಸ್ತೆ ಬೋರ್ಡ್‌ಗಳನ್ನು ಮಗಳಿಗೆ ತೋರಿಸಿ. ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಮಾಡಿದ ಡಿಸೈನ್ ಅದು, 1965ರಿಂದ ಈ ದೇಶದ ರಸ್ತೆಗಳಲ್ಲಿದೆ. ಊರಿನ ಹೆಸರನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆಯದೆ, ಮೊದಲಕ್ಷರ ಮಾತ್ರ ದೊಡ್ಡದು ಮಾಡಿದರು. ವೇಗದಲ್ಲಿ ಹೋಗುವವರಿಗೆ ಪದದ ಆಕಾರವೇ ಗುರುತು ಸಿಗಲಿ ಅಂತ. ಹಲಗೆಗೆ ಅಕ್ಷರ ಹೊಂದಿಸಲಿಲ್ಲ, ಅಕ್ಷರದ ಅಳತೆಯಿಂದ ಹಲಗೆಯ ಅಳತೆ ತೆಗೆದರು. ಶಾಲೆ ಹತ್ತಿರದ ಬೋರ್ಡ್‌ನಲ್ಲಿ ಚಿಕ್ಕ ಹುಡುಗನ ಕೈ ಹಿಡಿದು ನಡೆಯುವ ಹುಡುಗಿ ಇದ್ದಾಳಲ್ವಾ? ಅದಕ್ಕೆ ಕ್ಯಾಲ್ವರ್ಟ್ ಅವರ ಬಾಲ್ಯದ ಫೋಟೊನೇ ಮಾದರಿ. ಎಕ್ಯೂಎ ಪಠ್ಯದಲ್ಲಿ ಓದಬೇಕಾದ ಡಿಸೈನರ್‌ಗಳಲ್ಲಿ ಅವರೂ ಒಬ್ಬರು.

ಪ್ರಶ್ನೆ (ಒಬ್ಬ ತಂದೆ, ಬೆಂಗಳೂರು):
ನಮ್ಮ ಹುಡುಗ ಇಲ್ಲಿ ಪಿಯುಸಿ ಸೈನ್ಸ್. ಈ ತರಹದ ಓದಿಗೆ ಇಲ್ಲಿ ದಾರಿ ಇದೆಯಾ ಮೇಡಂ?

ಉತ್ತರ:
ಇದೆ. ಎನ್‌ಐಡಿ ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್. ಅಲ್ಲಿನ ನಾಲ್ಕು ವರ್ಷದ ಡಿಸೈನ್ ಡಿಗ್ರಿ ಬಿ.ಡಿಸ್‌ಗೆ ಡಿಎಟಿ ಎಂಬ ಪ್ರವೇಶ ಪರೀಕ್ಷೆ, ಐಐಟಿಗಳ ಬಿ.ಡಿಸ್‌ಗೆ ಯೂಸೀಡ್ ಎಂಬ ಪರೀಕ್ಷೆ. ಎರಡಕ್ಕೂ ಸೈನ್ಸೇ ಆಗಬೇಕಿಲ್ಲ. ಪಿಯುಸಿಯಲ್ಲಿ ಪ್ರಾಜೆಕ್ಟ್ ಫೋಲ್ಡರ್ ಅನ್ನೋ ಅಭ್ಯಾಸ ಇಲ್ಲ, ಅದೊಂದೇ ಕೊರತೆ. ಮನೆಯಲ್ಲೇ ಶುರು ಮಾಡಿಸಿ. ವಾರಕ್ಕೊಂದು ಡಬ್ಬಿ ಅಂಟು ಬಿಡಿಸಿ, ಹಾಳೆಯ ಮೇಲೆ ಗೆರೆ ಎಳೆದು, ಮತ್ತೆ ಮಾಡಲಿ. ಸಾಧ್ಯವಾದರೆ ಒಂದು ದಿನ ಹತ್ತಿರದ ಪ್ರೆಸ್‌ಗೆ ಕರೆದುಕೊಂಡು ಹೋಗಿ ಡೈ ಪಂಚಿಂಗ್ ತೋರಿಸಿ.

ಪ್ರಶ್ನೆ (ವಿದ್ಯಾರ್ಥಿನಿ, ಇಯರ್ 13, ಎ ಲೆವೆಲ್‌ನ ಕೊನೇ ವರ್ಷ):
ಆಂಟಿ, ನನ್ನ ಎನ್‌ಇಎ ನಮ್ಮ ಅಜ್ಜಿಗೆ ಮಾತ್ರೆ ಡಬ್ಬಿ. ಅವರಿಗೆ ಬೆರಳಿನ ಗಂಟು ನೋವು. ಆರು ಮಾಡೆಲ್ ಮಾಡಿದೆ, ನಾಲ್ಕು ಸರಿ ಬರಲಿಲ್ಲ. ಅಮ್ಮ ‘ಚೆನ್ನಾಗಿರೋ ಎರಡೇ ಹಾಕು, ಫೋಲ್ಡರ್ ನೀಟಾಗಿರಲಿ’ ಅಂತಾರೆ. ಏನು ಮಾಡಲಿ?

ಉತ್ತರ:
ಆರನ್ನೂ ಹಾಕು ಪುಟ್ಟಿ. ಒಂದನ್ನೂ ಎಸೆಯಬೇಡ. ಅಂಕ ಇರೋದೇ ಅಲ್ಲಿ. ಮೊದಲನೆಯದರಿಂದ ಆರನೆಯದಕ್ಕೆ ಹೇಗೆ ಬಂದೆ ಅನ್ನೋದು ಕಾಣಬೇಕು. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳು, ಅವರು ಒಳ್ಳೇದಕ್ಕೇ ಹೇಳಿದ್ದು. ನೀಟಾದ ಫೋಲ್ಡರ್ ಮಾಡಿ, ಮಧ್ಯದ ಹೆಜ್ಜೆಗಳನ್ನೆಲ್ಲ ತೆಗೆದುಹಾಕಿ ಅಂಕ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಕಣ್ಣಲ್ಲಿ ನೀರು ಬರುತ್ತದೆ.

ಪ್ರತಿ ಮಾಡೆಲ್‌ನ ಫೋಟೊ ಪಕ್ಕ ಎರಡೇ ಸಾಲು ಬರಿ. ಏನು ಕೆಟ್ಟಿತು, ಮುಂದಿನದರಲ್ಲಿ ಏನು ಬದಲಿಸಿದೆ. ‘ಮುಚ್ಚಳ ಬಿಗಿಯಾಯಿತು’ ಅಂತ ಬರೆದರೆ ಸಾಲದು. ‘ಬೋರ್ಡ್‌ನ ದಪ್ಪ ಲೆಕ್ಕಕ್ಕೆ ಹಿಡಿಯಲಿಲ್ಲ, ಹಾಗಾಗಿ ಮುಚ್ಚಳ ಎರಡೂ ಕಡೆ 1 ಮಿ.ಮೀ. ಬಿಗಿ ಬಂತು’ ಅಂತ ಬರಿ.

ಅಜ್ಜಿ ಎಲ್ಲಿದ್ದಾರೆ? ಊರಲ್ಲಿದ್ದರೆ ವಿಡಿಯೊ ಕಾಲ್ ಮಾಡು. ಈಗಿರುವ ಮಾತ್ರೆ ಡಬ್ಬಿಯನ್ನು ಅವರು ತೆರೆಯುವಾಗ ಏನೂ ಹೇಳಿಕೊಡಬೇಡ, ಸುಮ್ನೆ ಕೈ ನೋಡು. ಹೆಬ್ಬೆರಳಿನಿಂದ ತಳ್ಳುತ್ತಾರಾ, ಅಂಗೈಯಿಂದ ಒತ್ತುತ್ತಾರಾ, ಹಲ್ಲಿನಿಂದ ಎಳೆಯುತ್ತಾರಾ? ಅದರ ಫೋಟೊ ನಿನ್ನ ಮೊದಲ ಪುಟಕ್ಕೆ ಬರಲಿ.