ಚೀನಾದ ಅಣಬೆಗೆ ಜಪಾನ್ ಹಾಕಿದ ಸುಂಕ: ನಮ್ಮ ಕಾಳುಮೆಣಸಿಗೂ ಆದೀತೇ?

ಮೆಣಸುಬಳ್ಳಿ, ಸೋಮವಾರಪೇಟೆ
ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ದರ ಬೀಳಿಸುತ್ತಿದೆ ಎಂದು ಕೊಡಗಿನ ಬೆಳೆಗಾರರು ಹೇಳುತ್ತಲೇ ಇದ್ದೇವೆ. 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. ಜಪಾನ್ 2001ರಲ್ಲಿ ಚೀನಾದ ಕೃಷಿ ಸರಕಿಗೆ ಸೇಫ್‌ಗಾರ್ಡ್ ಸುಂಕವನ್ನೇ (ಆಮದು ಏಕಾಏಕಿ ಏರಿದಾಗ ಸ್ಥಳೀಯರನ್ನು ಕಾಯಲು ಹಾಕುವ ಹೆಚ್ಚುವರಿ ಸುಂಕ) ಹಾಕಿತ್ತಲ್ಲ, ಅದು ಹೇಗೆ ನಡೆಯಿತು, ಯಾಕೆ ನಿಂತಿತು? ನಾವೂ ಅದನ್ನೇ ಕೇಳಬಹುದೇ?

ತೋಟದಾಚೆ, ವಿರಾಜಪೇಟೆ
ಸರಕು ಮೂರು: ನೆಗಿ ಎಂಬ ಉದ್ದ ಈರುಳ್ಳಿ, ಹಸಿ ಶಿಟಾಕೆ ಅಣಬೆ, ತಾತಾಮಿ ಚಾಪೆ ಹೆಣೆಯುವ ಇಗುಸಾ ಹುಲ್ಲು. 2001ರ ಏಪ್ರಿಲ್ 23ರಿಂದ ನವೆಂಬರ್ 8ರವರೆಗೆ, ಸರಿಯಾಗಿ 200 ದಿನ. ತಾತ್ಕಾಲಿಕ ಸುಂಕಕ್ಕೆ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಕೊಡುವ ಗಡುವೇ ಅಷ್ಟು. ಆಮದನ್ನು ಪೂರ್ತಿ ನಿಲ್ಲಿಸಲಿಲ್ಲ. ನಿಗದಿತ ಪ್ರಮಾಣದವರೆಗೆ ಹಳೆಯ ಸುಂಕ, ಅದನ್ನು ಮೀರಿದ್ದಕ್ಕೆ ನೆಗಿಗೆ ಶೇ 256, ಶಿಟಾಕೆಗೆ ಶೇ 266, ಇಗುಸಾಗೆ ಶೇ 106.

ಪೆಟ್ಟು ಬಿದ್ದದ್ದು ಜೂನ್ 22ಕ್ಕೆ. ಜಪಾನಿನ ವಾಹನ, ಮೊಬೈಲ್ ಫೋನ್, ಏಸಿಗಳ ಮೇಲೆ ಚೀನಾ ಶೇ 100 ವಿಶೇಷ ಸುಂಕ ಹೇರಿತು. ಆಗ ಚೀನಾ ಡಬ್ಲ್ಯುಟಿಒ ಸದಸ್ಯನೇ ಅಲ್ಲ, ಸೇರಿದ್ದು ಡಿಸೆಂಬರ್ 11ಕ್ಕೆ. ಹಾಗಾಗಿ ಆ ನಿಯಮಗಳ ಹಂಗೂ ಇರಲಿಲ್ಲ. ಅಣಬೆ ಬೆಳೆಗಾರನನ್ನು ಕಾಯಲು ಹೋಗಿ ಕಾರು ಕಂಪನಿಗಳ ಮಾರುಕಟ್ಟೆಗೇ ಕುತ್ತು ಬಂತು. ಇನ್ನೊಂದು ಮಾತು: ಬೀಜ, ಬೆಳೆಯುವ ವಿಧಾನ ಒಯ್ದು ಚೀನಾದಲ್ಲಿ ಬೆಳೆಸಿ ತರುತ್ತಿದ್ದವರಲ್ಲಿ ಜಪಾನಿನ ವ್ಯಾಪಾರ ಸಂಸ್ಥೆಗಳೇ ಇದ್ದವು. ಅಂದರೆ ಜಪಾನಿನ ಒಳಗೇ ಎರಡು ಬಣ.

ಅಕ್ಟೋಬರ್‌ನಲ್ಲಿ ಪ್ರಧಾನಿ ಕೊಯಿಜುಮಿ ಬೀಜಿಂಗ್‌ಗೆ ಹೋಗಿ ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ಅವರನ್ನು ಕಂಡರು. ಡಿಸೆಂಬರ್ 21ರಂದು ಜಪಾನಿನ ಸಚಿವರಾದ ಹಿರಾನುಮಾ, ತಕೆಬೆ ಮತ್ತು ಚೀನಾದ ಷಿ ಗ್ವಾಂಗ್‌ಷೆಂಗ್ ಕುಳಿತು ಮುಗಿಸಿದರು: ಜಪಾನ್ ಪೂರ್ಣಾವಧಿ ಸುಂಕ ಹಾಕುವುದಿಲ್ಲ, ಚೀನಾ ತನ್ನ ವಿಶೇಷ ಸುಂಕ ತೆಗೆಯುತ್ತದೆ.

ಕಾನೂನುಕಟ್ಟೆ, ಮಡಿಕೇರಿ
ಮೇಲಿನದಕ್ಕೆ ಒಂದು ಸೇರ್ಪಡೆ. ಇಂದು ಎರಡೂ ಕಡೆ ಸದಸ್ಯರಾಗಿದ್ದರೆ, ಆಮದು ನಿಜವಾಗಿಯೂ ಏರಿರುವಾಗ ನಿಯಮದಂತೆ ಹಾಕಿದ ಸುಂಕಕ್ಕೆ ಮೊದಲ 3 ವರ್ಷ ಪ್ರತೀಕಾರ ಮಾಡುವಂತಿಲ್ಲ. ಆದರೆ ನಿಮ್ಮ ರೋಗಕ್ಕೆ ಇದು ಮದ್ದಲ್ಲ ಎಂಬುದೇ ನನ್ನ ಅಭಿಪ್ರಾಯ. ಸೇಫ್‌ಗಾರ್ಡ್ ಇರುವುದು ಏಕಾಏಕಿ ಏರಿದ ಆಮದಿಗೆ. ಬೇರೆ ದೇಶದ ಮಾಲಿಗೆ ಶ್ರೀಲಂಕಾ ಹೆಸರು ಅಂಟಿಸಿ ತರುವುದು ಮಾಲಿನ ಮೂಲ ದೇಶ ಯಾವುದೆಂಬುದರಲ್ಲಿ ಮಾಡುವ ವಂಚನೆ. ಅದಕ್ಕೆ 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ಕಸ್ಟಮ್ಸ್ ಮೂಲ-ನಿಯಮಗಳಿವೆ. ಮಾಲು ಎಲ್ಲಿ ಬೆಳೆದದ್ದು ಎಂಬ ಮಾಹಿತಿ ಆಮದುದಾರನ ಬಳಿಯೇ ಇರಬೇಕು, ಅಧಿಕಾರಿ ಕೇಳಿದರೆ ಕೊಡಬೇಕು. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು. ಮನವಿಯಲ್ಲಿ ಇದನ್ನು ಮುಂದಿಡಿ.

ಮೆಣಸುಬಳ್ಳಿ, ಸೋಮವಾರಪೇಟೆ
ಒಳ್ಳೆಯದಾಯಿತು ಸರ್. ಒಪ್ಪಂದವಾದ ಮೇಲೆ ಜಪಾನಿನ ರೈತರು ಸುಮ್ಮನಾದರೇ?

ತೋಟದಾಚೆ, ವಿರಾಜಪೇಟೆ
ಜಗಳ ಬೇರೆ ಬಾಗಿಲಿಂದ ಬಂತು. 2002ರಲ್ಲಿ ಚೀನಾದ ಶೈತ್ಯೀಕರಿಸಿದ ಪಾಲಕ್‌ನಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಶೇಷ ಸಿಕ್ಕಿತು. ಪಾಲಕ್‌ಗೆ ಜಪಾನಿನ ಮಿತಿ 0.01 ಪಿಪಿಎಂ, ಅಂದರೆ ಕೆಜಿಗೆ 0.01 ಮಿಲಿಗ್ರಾಂ. 2006ರ ಮೇ 29ರಿಂದ ಜಪಾನಿನ ಪಟ್ಟಿಯಲ್ಲಿ ಮಿತಿ ಗೊತ್ತುಮಾಡದ ಕೃಷಿ ಔಷಧಗಳಿಗೂ ಅದೇ 0.01 ಬಂತು, ಎಲ್ಲ ದೇಶಗಳಿಗೂ. ಕಾಫಿ ಕಳಿಸುವವರು ಇದನ್ನು ಮರೆಯಬಾರದು: 50 ಕೆಜಿ ಮೂಟೆಯಲ್ಲಿ ಅರ್ಧ ಮಿಲಿಗ್ರಾಂ ದಾಟಿದರೆ ಮಾಲು ತಿರಸ್ಕಾರ. ಒಣಗುವ ಕಣದ ಪಕ್ಕ ಔಷಧದ ಡಬ್ಬ ಇಡಬೇಡಿ, ಔಷಧ ತುಂಬಿದ್ದ ಚೀಲಕ್ಕೆ ಕಾಫಿ ತುಂಬಬೇಡಿ. ಸಿಂಪಡಿಸಿದ ದಿನ, ಔಷಧದ ಹೆಸರು, ಪ್ರಮಾಣ ಬರೆದಿಡಿ, ಖರೀದಿದಾರ ಕೇಳುವುದು ಅದನ್ನೇ.