ಬದನೆಯ ಬಣ್ಣ ಹಸಿರೋ ನೇರಳೆಯೋ? ಪುಟ್ಟ ಮಕ್ಕಳಿಗೆ ಕಥೆಯ ಮೂಲಕ ಬಣ್ಣ ಮತ್ತು ಓದು

ಪ್ರಶ್ನೆ: ಕಟಪಾಡಿ ಟೀಚರ್

ನಮಸ್ಕಾರ. ಕಟಪಾಡಿಯ ಸಮೀಪ ಮೂರರಿಂದ ಐದು ವರ್ಷದೊಳಗಿನ ಹದಿನಾಲ್ಕು ಮಕ್ಕಳ ಶಿಶುವಿಹಾರವನ್ನು ನೋಡಿಕೊಳ್ಳುತ್ತಿದ್ದೇನೆ. ಹೆಚ್ಚಿನವರ ಮನೆಮಾತು ತುಳು, ಕೆಲವರದು ಕೊಂಕಣಿ ಅಥವಾ ಬ್ಯಾರಿ. ಕಳೆದ ತಿಂಗಳು ಬದನೆಕಾಯಿಯ ಬಣ್ಣ ಯಾವುದೆಂದು ಕೇಳಿದಾಗ ಒಬ್ಬಳು "ಪಚ್ಚೆ" ಎಂದಳು. ಗೋಡೆಯ ಚಾರ್ಟಿನಲ್ಲಿದ್ದದ್ದು ನೇರಳೆ ಬದನೆಯಾದ್ದರಿಂದ ನಾನು ಯೋಚಿಸದೆ ತಿದ್ದಿಬಿಟ್ಟೆ. ಆಕೆಯ ಮನೆಯವರು ಮಟ್ಟುಗುಳ್ಳ ಎಂಬ ಬದನೆ ಬೆಳೆಯುವವರು, ಆ ಮಗು ಹುಟ್ಟಿದಂದಿನಿಂದ ಕಂಡ ಬದನೆಯೆಲ್ಲ ಹಸಿರೇ ಎಂಬುದು ಹೊಳೆದದ್ದು ಸಂಜೆ ಮನೆಗೆ ಬಂದ ಮೇಲೆ. ಮರುದಿನವೇ ಚಾರ್ಟನ್ನು ಸುತ್ತಿಟ್ಟು, ಕಥೆಗಳಿಂದಲೇ ಬಣ್ಣ ಕಲಿಸಲು ತೊಡಗಿದೆ.

ತೊಡಕು ಬಂದಿರುವುದು ಓದಿನಲ್ಲಿ. ಹೆತ್ತವರ ಒತ್ತಾಯಕ್ಕೆ ಮಣಿದು, ಕಥೆಯ ಚಿತ್ರಗಳ ಕೆಳಗೆ ಬಣ್ಣದ ಹೆಸರುಗಳನ್ನು ಆಯಾ ಬಣ್ಣದ ಶಾಯಿಯಲ್ಲೇ ದೊಡ್ಡದಾಗಿ ಬರೆದೆ. ಎರಡೇ ದಿನದಲ್ಲಿ ಎಲ್ಲರೂ ಸರಾಗವಾಗಿ ಓದತೊಡಗಿದರು. ಹಿಗ್ಗಿನಿಂದ ಕರಿಹಲಗೆಯ ಮೇಲೆ ಬಿಳಿ ಚಾಕಿನಲ್ಲಿ "ಕೆಂಪು" ಎಂದು ಬರೆದರೆ, ಇಡೀ ತರಗತಿ ಒಕ್ಕೊರಲಿನಿಂದ "ಬಿಳಿ!" ಎಂದಿತು. ಒಂದೇ ಕಥೆಯಲ್ಲಿ ಬಣ್ಣ ಮತ್ತು ಓದು ಎರಡನ್ನೂ ಕಲಿಸಲು ಹೊರಟದ್ದೇ ತಪ್ಪೇ? ಇನ್ನೊಂದು ಸಂಶಯವೂ ಇದೆ: ಒಬ್ಬ ಹುಡುಗ ಮಾತ್ರ ಕೆಂಪು ಮಣಿಗಳನ್ನೂ ಹಸಿರು ಮಣಿಗಳನ್ನೂ ಪದೇಪದೇ ಒಂದೇ ಬಟ್ಟಲಿಗೆ ಹಾಕುತ್ತಾನೆ.

ಉತ್ತರ 1: ಕಾರ್ಕಳದ ನಿವೃತ್ತ ಮಾಸ್ಟ್ರು

ಟೀಚರ್, ನಿಮ್ಮ ಮಕ್ಕಳು ಜಾಣರು. ಶಾಯಿಯೇ ಉತ್ತರ ಹೇಳುತ್ತಿರುವಾಗ ಅಕ್ಷರದ ಆಕಾರವನ್ನು ನೋಡುವ ಗೊಡವೆಗೆ ಅವರೇಕೆ ಹೋಗಬೇಕು? ಎರಡನ್ನೂ ಒಂದೇ ಕಥೆಯಲ್ಲಿ ಕಲಿಸಬಹುದು, ಆದರೆ ಬಣ್ಣವು ಚಿತ್ರದಲ್ಲಿ ಮತ್ತು ಕೈಯ ವಸ್ತುವಿನಲ್ಲಿ ಇರಲಿ, ಅಕ್ಷರವು ಯಾವಾಗಲೂ ಒಂದೇ ಕಪ್ಪು ಶಾಯಿಯಲ್ಲಿ ಇರಲಿ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಬಾಯಿಗೆ ಸುಲಭವಾಗಿರುವ ಬಣ್ಣದ ಹೆಸರುಗಳು ಕಣ್ಣಿಗೆ ಬಹಳ ಕಷ್ಟದವು. "ಕೆಂಪು" ಎಂಬಲ್ಲಿ ಎತ್ವ, ಸೊನ್ನೆ, ಕೊಂಬು ಮೂರೂ ಇವೆ. "ಕಪ್ಪು" ಎಂಬಲ್ಲಿ ಒತ್ತಕ್ಷರವಿದೆ. "ನೀಲಿ"ಯಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ಸ್ವಲ್ಪ ಸಲೀಸಾದದ್ದು "ಹಳದಿ" ಮಾತ್ರ, ಅದರಲ್ಲಿರುವುದು ಕೊನೆಯ ಒಂದು ಗುಡಿಸು. ನಮ್ಮ ಮೂಲಾಕ್ಷರಗಳು 49 ಆದರೂ ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳ ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಮೇಲೆ ಹಿಡಿತ ಬರಲು ಹಲವು ವರ್ಷಗಳು ಬೇಕೆಂಬುದನ್ನೇ ತೋರಿಸಿದೆ. ಹೆತ್ತವರಿಗೆ ಇದನ್ನು ನೀವು ಧೈರ್ಯವಾಗಿ ಹೇಳಬಹುದು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ "ಅ ಆ ಇ ಈ" ಎಂಬ ಸಾಲಿನ ಬದಲು "ರ ಗ ಸ ದ ಅ" ಎಂಬ ಗುಂಪಿನಿಂದ ಕಲಿಕೆ ತೊಡಗುತ್ತದೆ. ಆ ಐದರಿಂದಲೇ ಸರ, ಅರಸ, ಗರಗಸ ಎಂಬ ಪದಗಳು ಆಗುತ್ತವೆ. ಅರಸನ ಸರ ಕಡಿದು ಮಣಿಗಳು ಚೆಲ್ಲಿದ ಕಥೆಯೊಂದನ್ನು ಕಟ್ಟಿಕೊಳ್ಳಿ. ಮಣಿಗಳನ್ನು ಬಣ್ಣ ನೋಡಿ ಹೆಕ್ಕುವುದು ಮಕ್ಕಳ ಕೆಲಸ. ನೀವು ಸಾಲಿನ ಕೆಳಗೆ ಬೆರಳು ಹಿಡಿದು ಓದುತ್ತಾ "ಸರ" ಬಂದಲ್ಲಿ ನಿಂತರೆ, ಆ ಪದವೊಂದನ್ನು ಅವರು ಓದಲಿ. ಒಂದು ವಾರಕ್ಕೆ ಅಷ್ಟೇ ಸಾಕು.

ಉತ್ತರ 2: ಬಿಜೈಯ ಓರ್ವ ತಾಯಿ

ಮಾಸ್ಟ್ರು ಹೇಳಿದ ಶಾಯಿಯ ವಿಚಾರವನ್ನು ಒಪ್ಪುತ್ತೇನೆ. ಆದರೆ ಕಾಗುಣಿತವಿರುವ ಪದವನ್ನು ಪೂರ್ತಿ ದೂರವಿಡಬೇಕಾಗಿಲ್ಲ ಎಂದು ನನ್ನ ಅನುಭವ. ನನ್ನ ಮಗಳು ದಸರಾ ಸಮಯದ ಫ್ಲೆಕ್ಸುಗಳಿಂದ "ಹುಲಿ" ಎಂಬುದನ್ನು ಗುರುತಿಸಲು ಕಲಿತಳು. "ಹುಡುಗಿ" ಎಂದಿದ್ದಲ್ಲೂ ಹುಲಿ ಎಂದೇ ಓದುತ್ತಿದ್ದಳು ಎಂಬುದು ನಿಜ, ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿದ ದಿನವೇ ಆಕೆ ಮೊದಲ ಬಾರಿಗೆ ಪದದ ಒಳಗೆ ಇಣುಕಿ ನೋಡಿದ್ದು.

ಬಣ್ಣದ ಬಗ್ಗೆ ಹೇಳುವುದಾದರೆ, ಬಣ್ಣವನ್ನು ತೆಗೆದರೆ ಕಥೆಯೇ ನಿಂತುಹೋಗಬೇಕು. ನಮ್ಮ ಮನೆಯ ಹುಲಿವೇಷದ ಕಥೆಯಲ್ಲಿ ಹುಡುಗನು ಅವಸರದಲ್ಲಿ ಮೊದಲು ಕಪ್ಪು ಪಟ್ಟೆ ಎಳೆದುಕೊಂಡು, ಅದರ ಮೇಲೆ ಹಳದಿ ಬಳಿದು, ಪಟ್ಟೆಯೇ ಇಲ್ಲದ ಹುಲಿಯಾಗುತ್ತಾನೆ. ಮಗಳು ಪ್ರತಿ ಸಲವೂ "ಮೊದಲು ಹಳದಿ!" ಎಂದು ಕೂಗುತ್ತಾಳೆ. ಸುಮ್ಮನೆ "ಕೆಂಪು ಚೆಂಡು, ನೀಲಿ ಕೊಡೆ" ಎಂದು ತೋರಿಸುತ್ತಾ ಹೋಗುವ ಪುಸ್ತಕಗಳಲ್ಲಿ ಇದು ಆಗುವುದಿಲ್ಲ.

ಪದಗಳ ಕ್ರಮವೂ ಗಮನಾರ್ಹ. ಮೈಕೆಲ್ ರಾಮ್‌ಸ್ಕಾರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುವಿನ ಹೆಸರಾದ ನಂತರ ಬಣ್ಣವನ್ನು ಹೇಳಿದಾಗ ಚಿಕ್ಕ ಮಕ್ಕಳು ಅದನ್ನು ಹೆಚ್ಚು ಚೆನ್ನಾಗಿ ಕಲಿತಿದ್ದರು. ಆ ಪ್ರಯೋಗ ಇಂಗ್ಲಿಷಿನದು. ನಮಗಂತೂ "ಚೆಂಡು ಕೆಂಪು" ಎಂದು ಹೇಳಲು ಕ್ರಿಯಾಪದವೂ ಬೇಕಾಗಿಲ್ಲ. ಮನೆಮಾತಿನ ಹೆಸರನ್ನು ದಯವಿಟ್ಟು ತಿದ್ದಬೇಡಿ. ನಮ್ಮ ಮನೆಯಲ್ಲಿ ಎಲೆ ಮೊದಲು ಕೊಂಕಣಿಯ ಪಾಚ್ವೆಂ ಆಗಿತ್ತು, ಹಸಿರು ಆದದ್ದು ಆಮೇಲೆ.

ಉತ್ತರ 3: ಮಣಿಪಾಲದ ನೇತ್ರ ಪರೀಕ್ಷಕಿ

ಆ ಹುಡುಗನ ಬಗ್ಗೆ ಮಾತ್ರ ಬರೆಯುತ್ತೇನೆ. ಹೆಸರು ತಪ್ಪುವುದು ಈ ವಯಸ್ಸಿನಲ್ಲಿ ಸಹಜ, ಆದರೆ ಹೆಸರು ಹೇಳದೆ ಬರೇ ವಿಂಗಡಿಸುವಾಗಲೂ ಕೆಂಪು ಮತ್ತು ಹಸಿರು ಬೆರೆಯುತ್ತಿದ್ದರೆ ಕಣ್ಣು ತೋರಿಸುವುದು ಒಳ್ಳೆಯದು. ಕೆಂಪು-ಹಸಿರು ಬಣ್ಣಗುರುಡಿನ ಸಾಮಾನ್ಯ ಬಗೆಗಳು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡುಮಕ್ಕಳಲ್ಲಿಯೇ ಹೆಚ್ಚು. ಬಣ್ಣದ ಚುಕ್ಕಿಗಳ ನಡುವಿನ ಅಂಕಿಯನ್ನು ಗುರುತಿಸುವ ಇಶಿಹಾರ ಪರೀಕ್ಷೆಯಲ್ಲಿ, ಅಂಕಿ ತಿಳಿಯದ ಮಕ್ಕಳಿಗಾಗಿ ಬೆರಳಿನಿಂದ ದಾರಿ ಹಿಡಿದು ಹೋಗುವ ಚಿತ್ರಗಳೂ ಇವೆ. ಅಲ್ಲಿಯವರೆಗೆ ಅವನನ್ನು ಗದರಿಸಬೇಡಿ.

ಕಟಪಾಡಿ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಹುಡುಗನ ತಾಯಿಯೊಡನೆ ಮಾತನಾಡಿದ್ದೇನೆ, ಮುಂದಿನ ವಾರ ಪರೀಕ್ಷೆಗೆ ಕರೆದೊಯ್ಯುವರು. ಬಣ್ಣದ ಶಾಯಿಯ ಹಾಳೆಗಳನ್ನೆಲ್ಲ ತೆಗೆದು, ಬೀಜಕ್ಕೆಂದು ಗಿಡದಲ್ಲೇ ಬಿಟ್ಟ ಗುಳ್ಳದ ಕಥೆಯನ್ನು ನಿನ್ನೆ ಹೇಳಿದೆ. ಕೊಯ್ಯಲು ಬಂದವರೆಲ್ಲ ಹಸಿರು ಗುಳ್ಳವನ್ನು ಹುಡುಕುವುದರಿಂದ, ಹಣ್ಣಾಗಿ ಹಳದಿಯಾದ ಈ ಒಂದು ಮಾತ್ರ ಬುಟ್ಟಿಗೆ ಬೀಳದೆ ಉಳಿಯುತ್ತದೆ. ಕಪ್ಪು ಶಾಯಿಯಲ್ಲಿ ಬರೆದದ್ದು "ಹಳದಿ" ಎಂಬ ಒಂದೇ ಪದ. ನಾಲ್ವರು ಅದನ್ನು ಕರಿಹಲಗೆಯ ಮೇಲೂ ಗುರುತಿಸಿದರು. ಗುಳ್ಳದ ಮನೆಯ ಆ ಹುಡುಗಿ ಮಾತ್ರ ಕಥೆ ಮುಗಿದ ಮೇಲೂ ಏಳಲಿಲ್ಲ. "ಹಾಗಾದರೆ ಅದು ನೇರಳೆ ಆಗುವುದು ಯಾವಾಗ, ಟೀಚರ್?" ಎಂದು ಕೇಳಿದಳು. ನಾಳೆ ಉಡುಪಿ ಮಾರ್ಕೆಟಿನಿಂದ ಎರಡು ನೇರಳೆ ಬದನೆ ತರಬೇಕು.