12 ನಿಮಿಷದ ಕಿರುಚಿತ್ರಕ್ಕೆ 23 ಪುಟದ ಚಿತ್ರಕಥೆ: ನಡುಭಾಗ ಜಗ್ಗುತ್ತಿದೆ

ಪ್ರಶ್ನೆ (ಕಾರವಾರ):
ಪದವಿ ಓದುತ್ತಿರುವ ನಾವು ನಾಲ್ವರು ಸೇರಿ 12 ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬೈತಖೋಲದ ಮೀನುಗಾರನೊಬ್ಬ ಸಾಲಕ್ಕೆ ಸಿಕ್ಕಿ ದೋಣಿಯನ್ನು ಮಾರುತ್ತಾನೆ ಮತ್ತು ಅದನ್ನು ಮಗಳಿಂದ ಮುಚ್ಚಿಡುತ್ತಾನೆ. ಆರಂಭವನ್ನೂ ಕೊನೆಯನ್ನೂ ಎಲ್ಲರೂ ಒಪ್ಪುತ್ತಾರೆ; ಆದರೆ ಐದನೇ ಪುಟ ದಾಟುತ್ತಿದ್ದಂತೆ ಕೇಳುವವರು ಮೊಬೈಲ್ ತೆಗೆಯುತ್ತಾರೆ. ಸಂಭಾಷಣೆಯನ್ನು ಮೂರು ಬಾರಿ ತಿದ್ದಿದರೂ ಪ್ರಯೋಜನವಾಗಿಲ್ಲ. ಎಲ್ಲಿ ಕತ್ತರಿಸಬೇಕು? ಅಪ್ಪ ಮತ್ತು ಮಗಳ ಮಾತುಕತೆಯಿರುವ ನಾಲ್ಕನೇ ದೃಶ್ಯವನ್ನು (ಮೂರೂವರೆ ಪುಟ) ಲಗತ್ತಿಸಿದ್ದೇನೆ.

ಉತ್ತರ (ಶಿರಸಿ):
ದೃಶ್ಯವನ್ನು ಓದಿದೆ. ಮಾತು ಚೆನ್ನಾಗಿಯೇ ಇದೆ, ತೊಂದರೆ ಇರುವುದೂ ಅಲ್ಲೇ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಗಳು ಕುಳಿತಲ್ಲೇ ಮಾತಿನಿಂದ ಪ್ರಸಂಗವನ್ನು ಕಟ್ಟುತ್ತಾರೆ, ಜನ ಬಂದಿರುವುದೂ ಆ ಮಾತಿಗಾಗಿಯೇ. ನೀವು ಬರೆದಿರುವುದು ಕ್ಯಾಮೆರಾದ ಮುಂದೆ ಕೂರಿಸಿದ ತಾಳಮದ್ದಳೆ. ಸಾಲವೆಷ್ಟು, ಬಡ್ಡಿಯೆಷ್ಟು, ಅಜ್ಜನ ಕಾಲದಲ್ಲಿ ಮೀನು ಎಷ್ಟಿತ್ತು ಎಂಬುದನ್ನೆಲ್ಲ ಅಪ್ಪ ಹೇಳುತ್ತಾನೆ, ಮಗಳು ಕೇಳುತ್ತಾಳೆ, ದೃಶ್ಯ ಮುಗಿದಾಗ ಇಬ್ಬರೂ ಮೊದಲಿದ್ದಲ್ಲೇ ಇರುತ್ತಾರೆ.

ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಮಗಳಿಗೆ ಏನು ಬೇಕು ಎಂದು ಕೇಳಿಕೊಳ್ಳಿ. ಸದ್ಯ ಅವಳಿಗೆ ಏನೂ ಬೇಕಾಗಿಲ್ಲ. ಹೊಸ ಋತು ಶುರುವಾಗುವ ಮುನ್ನ ದೋಣಿಗೆ ತಾನೇ ಬಣ್ಣ ಬಳಿಯಬೇಕೆಂದು, ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲಿ ಅವಳು ಎರಡು ಡಬ್ಬ ಬಣ್ಣ ತಂದಿಡಲಿ. ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಗಡುವನ್ನು ನೀವು ಕಲ್ಪಿಸಬೇಕಾಗಿಯೇ ಇಲ್ಲ. ಅವಳು ಡಬ್ಬ ಎತ್ತಿಕೊಂಡಾಗಲೆಲ್ಲ ಅಪ್ಪ ಹೊಸ ನೆಪ ಹುಡುಕಬೇಕಾಗುತ್ತದೆ: ಒಮ್ಮೆ ಮಳೆ, ಒಮ್ಮೆ ಎಂಜಿನ್ ರಿಪೇರಿ. ಪ್ರತಿ ಸುಳ್ಳೂ ಹಿಂದಿನದಕ್ಕಿಂತ ಕಷ್ಟವಾಗುತ್ತ ಹೋದರೆ ನಡುಭಾಗ ತಾನಾಗಿ ಮುಂದೆ ಸಾಗುತ್ತದೆ.

ನಾಲ್ಕನೇ ದೃಶ್ಯವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ:

ಒಳಾಂಗಣ. ನಡುಮನೆ. ಸಂಜೆ.
ಹೊರಗೆ ಮಳೆ. ದೋಣಿಯಲ್ಲಿದ್ದ ದೇವರ ಪಟವನ್ನು ಅಪ್ಪ ಪಂಚೆಯ ಅಂಚಿನಿಂದ ಒರೆಸುತ್ತಾನೆ. ಚೌಕಟ್ಟಿಗೆ ಉಪ್ಪು ಹಿಡಿದಿದೆ. ಗೋಡೆಗೆ ಮೊಳೆ ಹೊಡೆಯತೊಡಗುತ್ತಾನೆ. ಮಗಳು ಚಹಾ ತಂದು ನಿಲ್ಲುತ್ತಾಳೆ.
ಮಗಳು: ಎರಡು ತಿಂಗಳಿಗೆ ಮೊಳೆ ಯಾಕಪ್ಪಾ?
ಅಪ್ಪ ಉತ್ತರಿಸುವುದಿಲ್ಲ. ಇನ್ನೂ ಎರಡು ಏಟು ಹೊಡೆಯುತ್ತಾನೆ.

ಮಾರಾಟದ ಸುದ್ದಿ ಪ್ರೇಕ್ಷಕನಿಗೆ ತಲುಪಿತು, ಮಗಳಿಗೆ ಅನುಮಾನ ಹುಟ್ಟಿತು. ಸಾಲದ ಲೆಕ್ಕ ಎಲ್ಲಿಯೂ ಬೇಕಾಗಲಿಲ್ಲ.

ಉತ್ತರ (ಅಂಕೋಲಾ):
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಕರಾವಳಿಯ ಪ್ರೇಕ್ಷಕ ‘ದೋಣಿ’ ಎಂದು ಕೇಳಿದೊಡನೆ, ಇವನು ಕಡಲಿಗೆ ಹೋಗದೆ ಮನೆಯಲ್ಲೇಕೆ ಕುಳಿತಿದ್ದಾನೆ ಎಂದು ಯೋಚಿಸುತ್ತಾನೆ, ಕಥೆ ಅಲ್ಲಿಯೇ ಕೈತಪ್ಪುತ್ತದೆ. ‘ಬೋಟ್’ ಎಂದು ಬರೆದು, ಅದು ದೊಡ್ಡ ಎಂಜಿನ್ನಿನ ಟ್ರಾಲರ್ ಎಂಬುದನ್ನು ಮೊದಲ ದೃಶ್ಯದಲ್ಲಿಯೇ ತೋರಿಸಿಬಿಡಿ. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕವನ್ನೂ ಪೂರ್ತಿ ನಂಬಬೇಡಿ; ಅದು ಇಂಗ್ಲಿಷಿನ 12 ಪಾಯಿಂಟ್ ಕೊರಿಯರ್ ಅಕ್ಷರಕ್ಕೆ ಹೊಂದಿಸಿದ್ದು. ಕನ್ನಡದಲ್ಲಿ ಬರೆದದ್ದನ್ನು ಕ್ರಿಯೆಗೆ ಬೇಕಾದ ಬಿಡುವಿನೊಂದಿಗೆ ಗಟ್ಟಿಯಾಗಿ ಓದಿ, ಗಡಿಯಾರ ನೋಡುವುದೇ ವಾಸಿ.

ಪ್ರಶ್ನೆ ಕೇಳಿದವರು:
ಬಣ್ಣದ ಡಬ್ಬ ಬಂದ ಮೇಲೆ ಹಳೆಯ ಎರಡು ದೃಶ್ಯಗಳು ತಾವಾಗಿಯೇ ಬಿದ್ದುಹೋದವು. ಈಗ 14 ಪುಟಗಳಿವೆ, ಓದಲು 13 ನಿಮಿಷ ಹಿಡಿಯಿತು. ಬೋಟ್ ಕೊಂಡವನು ಬಂದು ವ್ಯವಹಾರ ಮಾತಾಡುವ ಆರನೇ ದೃಶ್ಯ ಮಾತ್ರ ಇನ್ನೂ ಉದ್ದವಾಗಿದೆ. ಅವನನ್ನು ತೆಗೆದುಹಾಕಬಹುದೇ?

ಉತ್ತರ (ಶಿರಸಿ):
ಅವನು ಇರಲಿ, ಅವನ ಮಾತು ಕೇಳಿಸುವುದು ಬೇಡ. ಮಗಳು ಡಬ್ಬ ಹಿಡಿದು ಬಂದರಿಗೆ ಬಂದಾಗ, ಅಪರಿಚಿತನೊಬ್ಬ ಬೋಟಿನ ಉದ್ದಕ್ಕೂ ಹೆಜ್ಜೆ ಹಾಕಿ ಅಳೆಯುತ್ತಿರುವುದನ್ನೂ, ಅಪ್ಪ ತಾನು ನೆನೆಯುತ್ತ ಅವನ ತಲೆಗೆ ಕೊಡೆ ಹಿಡಿದು ಹಿಂದೆ ನಡೆಯುತ್ತಿರುವುದನ್ನೂ ದೂರದಿಂದ ನೋಡಲಿ. ಅರ್ಧ ಪುಟ ಸಾಕು.